ಕುರಿತೋದದ ಕಣ್ಣು, ಕುರಿತೋದದ ಕಿವಿ

ಹೋದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅಣ್ಣನ ಮಗ ಒಂದು ಚಿತ್ರ ಹಾಕಿದ. ಬೀದರ್‌ನ ಬಿದ್ರಿ ಕೆಲಸದ ಹೂಜಿಯ ಚಿತ್ರ. ಕಪ್ಪು ಮೈ, ಅದರ ತುಂಬ ಬೆಳ್ಳಿಯ ಬಳ್ಳಿ, ಹಿಂದೆ ಮಸುಕಾಗಿ ಕೋಟೆಯ ಕಮಾನು, ಒಂದು ಪಕ್ಕದಿಂದ ಸಂಜೆ ಬಿಸಿಲು. ಕೆಳಗೆ ಬರೆದಿದ್ದ: "ಕಾಕಾ, ಇದು ಎಐ ಮಾಡಿದ್ದು. ಖರೇ ಬಿದ್ರಿಗಿಂತ ಚೆಂದ ಅದ ನೋಡ್ರಿ." ಚಿತ್ರ ಚೆಂದವೇ ಇತ್ತು. ಗುಂಪಿನಲ್ಲಿದ್ದವರೆಲ್ಲ ಹೂವು, ಚಪ್ಪಾಳೆ ಕಳಿಸಿದರು. ನನಗೆ ಮಾತ್ರ ಏನೋ ಕೊರೆಯತೊಡಗಿತು. ಚಿತ್ರವನ್ನು ದೊಡ್ಡದು ಮಾಡಿಕೊಂಡು ಬಳ್ಳಿಯ ಬೆನ್ನು ಹತ್ತಿದೆ. ಒಂದು ಎಳೆ ಎಲೆಯ ಕೆಳಗೆ ಹೋಗಿದ್ದು ಮತ್ತೆ ಹೊರಗೆ ಬರಲೇ ಇಲ್ಲ. ಇನ್ನೊಂದು ಎಳೆ ಎಲ್ಲಿಂದಲೋ ಹುಟ್ಟಿ ಎಲ್ಲಿಗೋ ಹೋಗಿ ನಿಂತಿತ್ತು. ಸರಿ, ಇದು ಇವತ್ತಿನ ಕುಂದು. ನಾಳೆ ಯಂತ್ರ ಇದನ್ನೂ ಸರಿ ಮಾಡಿಕೊಳ್ಳುತ್ತದೆ. ಆಗ ನಾನು ಏನು ಹೇಳಲಿ?

ಈ ಪ್ರಶ್ನೆ ತಲೆಯಲ್ಲೇ ಉಳಿಯಿತು. ಚೆಂದ ಅನ್ನುವುದು ವಸ್ತುವಿನಲ್ಲಿದೆಯಾ, ಮಾಡಿದವರ ಕೈಯಲ್ಲಿದೆಯಾ, ನೋಡುವವರ ಮನಸ್ಸಿನಲ್ಲಿದೆಯಾ? ಎರಡು ಸಾವಿರ ವರ್ಷಕ್ಕಿಂತ ಹಿಂದಿನಿಂದ ಜಗತ್ತಿನ ದೊಡ್ಡ ದೊಡ್ಡ ತಲೆಗಳು ಇದೇ ಮಾತಿನ ಸುತ್ತ ತಿರುಗಿವೆ. ಅವರನ್ನು ಓದುವಾಗೆಲ್ಲ ನನಗೆ ನಮ್ಮ ಕಡೆಯ ಮಂದಿ ನೆನಪಾಗುತ್ತಾರೆ. ಪುಸ್ತಕ ಓದದೆ ಇದೇ ವಿಚಾರದಲ್ಲಿ ಗಟ್ಟಿಯಾಗಿ ನಿಂತ ಮಂದಿ. ಕಲೆಯನ್ನು ಉಳಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನಿಸಿಕೆ, ಮೊದಲು ಉಳಿಯಬೇಕಾದವರು ಅದನ್ನು ನೋಡಬಲ್ಲವರು, ಕೇಳಬಲ್ಲವರು. ಯಾಕೆ ಹಾಗೆ ಅನಿಸುತ್ತದೆ ಅಂತ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಮಣ್ಣಿನ ರುಚಿ

ಬೀದರ್‌ನ ಹಳೇ ಕಾವಲು ಗೋಪುರ ಚೌಬಾರಾದ ಹತ್ತಿರ ಒಂದು ಓಣಿ. ಅಲ್ಲಿ ಬಿದ್ರಿ ಮಾಡುವ ಒಬ್ಬ ಚಾಚಾ ಇದ್ದರು. ಅವರ ಮುಂದೆ ಕೂತು ಒಂದು ಇಡೀ ಮಧ್ಯಾಹ್ನ ಕಳೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿದ್ರಿ ಹೇಗೆ ಮಾಡುತ್ತಾರೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸತು ಜಾಸ್ತಿ, ತಾಮ್ರ ಸ್ವಲ್ಪ, ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತ ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಚಿತ್ರ ಗೀರಿ, ಉಳಿಯಿಂದ ಕೊರೆದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುವುದು. ನಾನು ಹೇಳಬೇಕೆಂದಿರುವುದು ಅದಾದ ಮೇಲಿನ ಹೊತ್ತಿನ ಬಗ್ಗೆ. ಬೆಳ್ಳಿ ಕೂರಿಸಿ ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಪೂರ್ತಿ ಹೋಗಿಬಿಡುತ್ತದೆ. ಪಾತ್ರೆ ಇಡೀ ಬೂದು ಬಣ್ಣ. ಸತುವಿನ ಬಿಳುಪು, ಬೆಳ್ಳಿಯ ಬಿಳುಪು ಎರಡೂ ಒಂದರಲ್ಲೊಂದು ಕಲೆತುಹೋಗಿರುತ್ತವೆ. ಚಾಚಾ ಅದನ್ನು ನನ್ನ ಕೈಗೆ ಕೊಟ್ಟು, "ಬಳ್ಳಿ ಎಲ್ಲಿ ಅದ ಹೇಳ್ರಿ ಸರ" ಅಂದರು. ನನಗೆ ಏನೂ ಕಾಣಲಿಲ್ಲ. ಅವರು ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಳ್ಳಿಯ ದಾರಿ ತೋರಿಸಿದರು. ಒಂದು ತಿರುವಿನಲ್ಲಿ ಬೆರಳು ನಿಲ್ಲಿಸಿ, "ಇಲ್ಲಿ ಹೊಟ್ಟಿ ಬಂದದ" ಅಂದರು. ಗೆರೆ ತಿರುಗುವ ಕಡೆ ಒಂದು ಕೂದಲೆಳೆಯಷ್ಟು ದಪ್ಪ ಆಗಿದೆ ಅಂತ ಅರ್ಥ.

ಆಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರು ಕುದಿಯಿತು. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಆಗಬೇಕು. ಅದು ಸರಿಯಾದ ಮಣ್ಣೋ ಅಲ್ಲವೋ ಅಂತ ಕಸಬುದಾರರು ನಾಲಿಗೆಯ ತುದಿಗೆ ಇಟ್ಟು ನೋಡುತ್ತಾರೆ. ಆ ನೀರಿನಲ್ಲಿ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿ ಉಳಿಯುತ್ತದೆ. ಹೊರಗೆ ತೆಗೆದು ಎಣ್ಣೆ ಒರೆಸಿದಾಗ ಬಳ್ಳಿ ಎದ್ದು ನಿಂತಿತು. ನೋಡಲು ಬಂದ ಯಾರಾದರೂ ಆಹಾ ಅನ್ನುವ ಹೊತ್ತು ಅದು. ನಾನೂ ಅಂದೆ. ಆದರೆ ಆ ದಿನ ನನ್ನ ಜೊತೆ ಮನೆಗೆ ಬಂದದ್ದು ಆ ಹೊಳಪಲ್ಲ, ಆ ಹೊಟ್ಟೆ. ಒಮ್ಮೆ ಅದನ್ನು ಕಂಡ ಮೇಲೆ ಎಲ್ಲ ಬಿದ್ರಿ ಸಾಮಾನಿನಲ್ಲೂ ಕಣ್ಣು ಮೊದಲು ತಿರುವಿಗೇ ಹೋಗುತ್ತದೆ. ಯಾವ ಗೆರೆ ಉಸಿರು ಬಿಗಿ ಹಿಡಿದು ತಿರುಗಿದೆ, ಯಾವುದು ಅರ್ಧದಲ್ಲಿ ದಣಿದಿದೆ ಅಂತ ಗೊತ್ತಾಗುತ್ತದೆ. ನನ್ನ ಕಣ್ಣು ಮೊದಲಿನದೇ. ಅದಕ್ಕೆ ನೋಡಲು ಕಲಿಸಿದವರು ಒಬ್ಬರು ಸಿಕ್ಕರು, ಅಷ್ಟೇ.

ಮಣ್ಣನ್ನು ನಾಲಿಗೆಗೆ ಇಡುವ ಈ ಮಾತಿಗೆ ಸರಿಯಾಗಿ ಹೊಂದುವ ಒಂದು ಕತೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳುತ್ತಾನೆ. 1757ರಲ್ಲಿ ಅವನು ಅಭಿರುಚಿಗೆ ಅಳತೆಗೋಲು ಇದೆಯಾ ಅಂತ ಕೇಳಿಕೊಂಡು ಒಂದು ಪ್ರಬಂಧ ಬರೆದ. ಅದರಲ್ಲಿ 'ಡಾನ್ ಕ್ವಿಕ್ಸೋಟ್' ಕಾದಂಬರಿಯಿಂದ ಎತ್ತಿಕೊಂಡ ಪ್ರಸಂಗ ಒಂದಿದೆ. ಒಂದು ಪೀಪಾಯಿ ದ್ರಾಕ್ಷಾರಸದ ರುಚಿ ನೋಡಲು ಇಬ್ಬರನ್ನು ಕರೆಯುತ್ತಾರೆ. ಒಬ್ಬ, "ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ರುಚಿ ಬರುತ್ತಿದೆ" ಅನ್ನುತ್ತಾನೆ. ಇನ್ನೊಬ್ಬ, "ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಇದೆ" ಅನ್ನುತ್ತಾನೆ. ಊರಿನವರು ಇಬ್ಬರನ್ನೂ ನೋಡಿ ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಕಬ್ಬಿಣದ ಕೀಲಿಕೈ ಸಿಗುತ್ತದೆ. ಹ್ಯೂಮ್ ಹೇಳುವುದು ಇಷ್ಟು: ಚೆಂದ ಅನ್ನುವುದು ಅನಿಸಿಕೆ ಹೌದು, ಆದರೆ ಎಲ್ಲರ ಅನಿಸಿಕೆಯೂ ಒಂದೇ ತೂಕದ್ದಲ್ಲ. ಸೂಕ್ಷ್ಮ ಬೇಕು, ಅಭ್ಯಾಸ ಬೇಕು, ಒಂದನ್ನು ಇನ್ನೊಂದರ ಜೊತೆ ಇಟ್ಟು ನೋಡಿರಬೇಕು, ಮೊದಲೇ ಕಟ್ಟಿಕೊಂಡ ಅಭಿಪ್ರಾಯ ಇರಬಾರದು, ಜೊತೆಗೆ ಬುದ್ಧಿ ನೆಟ್ಟಗಿರಬೇಕು. ಈ ಐದೂ ಚಾಚಾ ಅವರಲ್ಲಿ ಇದ್ದವು. ಆದರೆ ಹ್ಯೂಮ್ ಅಂಥ ತೀರ್ಪುಗಾರರನ್ನು ಹುಡುಕುವಾಗ ಕೆಲಸದ ಮನೆಗಳ ಕಡೆ ನೋಡಿದಂತೆ ಕಾಣುವುದಿಲ್ಲ. ಓದಿದ, ಬಿಡುವಿದ್ದ ಮಂದಿಯೇ ಅವನ ಕಣ್ಣ ಮುಂದಿದ್ದರು ಅಂತ ನನಗನಿಸುತ್ತದೆ.

ಜರ್ಮನಿಯ ತತ್ವಜ್ಞಾನಿ ಕಾಂಟ್ ವಿಷಯದಲ್ಲಿ ನನಗೆ ಇನ್ನೂ ದೊಡ್ಡ ತಕರಾರು ಇದೆ. ಅದೂ ಬಹಳ ಗೌರವ ಇಟ್ಟುಕೊಂಡೇ. 1790ರ ಅವನ ಪುಸ್ತಕ ಈ ವಿಚಾರದ ದಿಕ್ಕನ್ನೇ ಬದಲಿಸಿತು. ಒಂದು ವಸ್ತು ನನಗೆ ಬೇಕು, ಉಪಯೋಗಕ್ಕೆ ಬರುತ್ತದೆ ಅನ್ನುವ ಆಸೆ ಇಲ್ಲದೆ ಸುಮ್ನೆ ನೋಡಿ ಸಂತೋಷ ಆಗಬೇಕು, ಅದೇ ಶುದ್ಧ ಚೆಲುವು ಅಂದ. ಅದಕ್ಕೆ ಉದಾಹರಣೆ ಕೊಡುವಾಗ ಏನು ಹೇಳುತ್ತಾನೆ ಗೊತ್ತಾ? ಹೂವು, ಹಕ್ಕಿ, ಮತ್ತೆ ಅಂಚಿಗೆ ಬಿಡಿಸುವ ಎಲೆಬಳ್ಳಿ! ಅಂದರೆ ಯಾವ ಅರ್ಥವನ್ನೂ ಹೇಳದೆ, ತನ್ನಷ್ಟಕ್ಕೆ ಹಬ್ಬುವ ಗೆರೆ. ನಮ್ಮ ಬಿದ್ರಿಯ ಬಳ್ಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದರೆ ಅದೇ ಪುಸ್ತಕದಲ್ಲಿ ಇನ್ನಷ್ಟು ಹಾಳೆ ಮುಂದೆ ಹೋದರೆ, ಕಲೆ ಬೇರೆ, ಕಸಬು ಬೇರೆ ಅನ್ನುತ್ತಾನೆ. ಕಲೆ ಸ್ವತಂತ್ರ, ಆಟದ ಹಾಗೆ. ಕಸಬು ಕೂಲಿಗೆ ಮಾಡುವ ದುಡಿಮೆ, ಅದರಲ್ಲಿ ಮಾಡುವವನಿಗೆ ಹಿಡಿಸುವುದು ಸಿಗುವ ಕೂಲಿ ಮಾತ್ರ. ಬಳ್ಳಿ ಶುದ್ಧ ಚೆಲುವು, ಅದನ್ನು ಕೊರೆದವನು ಕೂಲಿಯವನು. ಈ ಗೋಡೆ ಅಲ್ಲಿಂದ ಬೆಳೆಯುತ್ತಾ ಬಂದು ನಮ್ಮ ಕಾಲೇಜುಗಳ ತನಕ ಮುಟ್ಟಿದೆ. ಕ್ಯಾನ್ವಾಸ್ ಮೇಲಿನದು ಆರ್ಟ್, ಬಿದ್ರಿ ಕ್ರಾಫ್ಟ್. ಒಂದಕ್ಕೆ ಗ್ಯಾಲರಿ, ಇನ್ನೊಂದಕ್ಕೆ ಎಂಪೋರಿಯಂ. ಸುರಪುರದ ಚಿನ್ನದ ಕೆಲಸದ ಚಿತ್ರಗಳೂ ಎಷ್ಟೋ ಕಾಲ ಈ ಎರಡರ ನಡುವೆ ಎಲ್ಲೂ ಸಲ್ಲದೆ ಉಳಿದವು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಎರಡೂ ನಮಗೆ ಹೆಮ್ಮೆ. ಆದರೂ ಬಿದ್ರಿ ಹೂದಾನಿಯನ್ನು ಸಮಾರಂಭದಲ್ಲಿ ಶಾಲಿನ ಜೊತೆ ಕೊಡುವ ಉಡುಗೊರೆ ಅಂತಲೇ ತಿಳಿದವರು ಜಾಸ್ತಿ. ಅದನ್ನು ಕೈಯಲ್ಲಿ ಹಿಡಿದು ತಿರುವು ನೋಡುವವರು ಕಡಿಮೆ.

ಮಳಖೇಡದ ಮಾತು

ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಳಖೇಡ. ಕಾಗಿಣಾ ದಂಡೆ, ಬಿದ್ದ ಕೋಟೆಗೋಡೆ, ನೇಮಿನಾಥ ಬಸದಿ, ಟೀಕಾಚಾರ್ಯರ ವೃಂದಾವನ, ಆಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಇಲ್ಲಿ, ರಾಷ್ಟ್ರಕೂಟರ ಈ ರಾಜಧಾನಿಯಲ್ಲಿ, 850ರ ಸುಮಾರಿಗೆ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ ಕತೆಯಲ್ಲ, ಪುರಾಣವಲ್ಲ, ಕಾವ್ಯ ಹೇಗಿರಬೇಕು ಅನ್ನುವ ವಿಚಾರ. ಇದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದೇ ಶತಮಾನದಲ್ಲಿ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯ ಬಗ್ಗೆ, ಅಂದರೆ ಮಾತಿನಲ್ಲಿ ನೇರ ಹೇಳದೆ ಹೊಳೆಯುವ ಅರ್ಥದ ಬಗ್ಗೆ ಬರೆಯುತ್ತಿದ್ದ. ಇಲ್ಲಿ ಮಳಖೇಡದಲ್ಲೂ ಧ್ವನಿಯ ಮಾತು ಬಂದಿದೆ, ಅದನ್ನು ಅಲಂಕಾರಗಳಲ್ಲಿ ಒಂದು ಅಂತ ಎಣಿಸಿದ್ದಾರೆ. ಜಗತ್ತಿನ ಒಂದು ದೊಡ್ಡ ಚರ್ಚೆ ಕಾಗಿಣಾ ದಂಡೆಯಲ್ಲೂ ನಡೆಯುತ್ತಿತ್ತು.

'ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್' ಅನ್ನುವ ಸಾಲು ನಾವೆಲ್ಲ ಶಾಲೆಯಿಂದ ಕೇಳಿದ್ದೇ. ಪುಸ್ತಕ ಹಿಡಿದು ಓದದೆಯೂ ಕಾವ್ಯದಲ್ಲಿ ನುರಿತ ಬುದ್ಧಿಯವರು ಅಂತ ಅರ್ಥ. ನವೆಂಬರ್ ಬಂದರೆ ಬ್ಯಾನರಿನ ಮೇಲೂ ಬರುತ್ತದೆ. ಆದರೆ ಆ ಪದ್ಯದ ಮೊದಲ ಭಾಗವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಈ ನಾಡಿನವರು ಹದವರಿತು ಮಾತಾಡಬಲ್ಲರು, ಬೇರೆಯವರು ಆಡಿದ್ದನ್ನು ತಿಳಿದು ತೂಗಿಯೂ ನೋಡಬಲ್ಲರು ಅನ್ನುತ್ತದೆ ಅದು. ಮುಂದಿನ ಪದ್ಯದಲ್ಲಿ ಚಿಕ್ಕ ಮಕ್ಕಳು, ಮೂಗರು ಕೂಡ ವಿವೇಕ ಬಲ್ಲರು ಅನ್ನುವ ಮಾತು ಬರುತ್ತದೆ. ನನಗೆ ಮುಖ್ಯ ಅನಿಸುವುದು ಈ ತೂಗುವ ಶಕ್ತಿ. ಆಮೇಲೆ ಪುಸ್ತಕದ ತುಂಬ ದೋಷ ಯಾವುದು, ಅಲಂಕಾರ ಯಾವುದು ಅನ್ನುವ ಲೆಕ್ಕ ಇದೆ, ಸಂಸ್ಕೃತದಲ್ಲಿ ಅಲಂಕಾರಶಾಸ್ತ್ರ ಬರೆದ ದಂಡಿಯ ದಾರಿಯಲ್ಲೇ ಬಹಳಷ್ಟು ನಡೆದಿದೆ. ಆದರೆ ಆ ನಿಯಮಗಳೆಲ್ಲ ನಿಂತಿರುವುದು ಕೇಳುಗರ ಮೇಲೆ. ಹಳ್ಳಿಹಳ್ಳಿಯಲ್ಲೂ ಮಾತಿನ ಕಿವಿ ಇರುವ ಮಂದಿ ಇದ್ದಾರೆ, ಅವರ ಮುಂದೆ ಬರೆಯಬೇಕು, ಅದಕ್ಕೇ ಹುಷಾರಾಗಿ ಬರೆ ಅನ್ನುವ ದನಿ ನನಗೆ ಅದರಲ್ಲಿ ಕೇಳಿಸುತ್ತದೆ. ಯುರೋಪಿನಲ್ಲಿ ಜರ್ಮನಿಯ ತತ್ವಜ್ಞಾನಿ ಬೌಮ್‌ಗಾರ್ಟನ್ ಈ ವಿಚಾರವನ್ನು ಒಂದು ಬೇರೆ ಶಾಸ್ತ್ರವೇ ಅಂತ ಎತ್ತಿ ನಿಲ್ಲಿಸಿ ಪುಸ್ತಕ ಬರೆದದ್ದು 1750ರಲ್ಲಿ. ಅದಕ್ಕೂ 900 ವರ್ಷ ಮೊದಲು ಸೇಡಂ ಸೀಮೆಯಲ್ಲಿ ಕೂತ ಒಬ್ಬ ಕವಿ ರುಚಿ ಎಲ್ಲರ ಆಸ್ತಿ ಅಂತ ನಂಬಿದ್ದ.

ಮುನ್ನೂರು ವರ್ಷ ಆದ ಮೇಲೆ ಕಲ್ಯಾಣದಲ್ಲಿ ಬಸವಣ್ಣ ಬರುತ್ತಾರೆ. ತಾಳಮಾನ ಗೊತ್ತಿಲ್ಲ, ಅಮೃತಗಣ ದೇವಗಣ ಗೊತ್ತಿಲ್ಲ, 'ಆನು ಒಲಿದಂತೆ ಹಾಡುವೆ' ಅನ್ನುತ್ತಾರೆ. ಇದನ್ನು ಎಲ್ಲರೂ ಭಕ್ತಿಯ ಮಾತು ಅಂತ ಓದುತ್ತಾರೆ, ಸರಿಯೇ. ನಾನು ಇದನ್ನು ಕಾವ್ಯವಿಚಾರದ ದೊಡ್ಡ ಮಾತು ಅಂತಲೂ ಓದುತ್ತೇನೆ. ಗಣದ ಲೆಕ್ಕ ಬಿಟ್ಟರೂ ಹಾಡು ಹಾಡಾಗಿಯೇ ನಿಲ್ಲುತ್ತದೆ ಅಂತ ಅವರು ತೋರಿಸಿಕೊಟ್ಟರು. ಹೇಗೆ ನಿಂತಿತು? ಕೇಳುವ ಕಿವಿ ತಯಾರಿತ್ತು. ಛಂದಸ್ಸು ಗೊತ್ತಿಲ್ಲದ ಅಂಬಿಗ, ಮಡಿವಾಳ, ಸೂಳೆ, ಬುಟ್ಟಿ ಹೆಣೆಯುವವರು ಆ ಮಾತನ್ನು ಕೇಳಿದರು, ತಾವೂ ಹೇಳಿದರು. ಆ ಕಿವಿ ಇವತ್ತಿಗೂ ಪೂರ್ತಿ ಹೋಗಿಲ್ಲ. ಯಾರೋ ಬರೆದ ನೀತಿಮಾತಿಗೆ ಕೊನೆಯಲ್ಲಿ ಕೂಡಲಸಂಗಮದೇವ ಅಂತ ಅಂಟಿಸಿ ಫೋನಿಗೆ ಕಳಿಸುತ್ತಾರಲ್ಲ, ವಚನ ಹಾಡಿಕೊಂಡು ಬೆಳೆದ ನಮ್ಮ ಕಡೆಯ ಹಿರಿಯರಿಗೆ ಒಂದು ಸಾಲು ಓದಿದರೆ ಸಾಕು, "ಇದು ಅಣ್ಣನವರದು ಅಲ್ಲ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ವ್ಯಾಕರಣ ಹೇಳಲು ಬರುವುದಿಲ್ಲ. "ಆ ನಡಿ ಇಲ್ಲ" ಅನ್ನುತ್ತಾರೆ, ಮುಗಿಯಿತು.

ಅತ್ತವರು ಇನ್ನೊಮ್ಮೆ ಕೇಳಿದ್ದು

ಸೇಡಂ ಕಡೆಯ ನಮ್ಮ ಊರಿನಲ್ಲಿ ಅಲಾಯಿ ಹಬ್ಬ, ಅಂದರೆ ಮೊಹರಂ, ಇಡೀ ಊರಿನ ಹಬ್ಬ. ಪಂಜಾ ಕೂಡುವ ಮನೆಯ ಮುಂದೆ ಅಲಾಯಿ ಕುಣಿ, ಅದರ ಸುತ್ತ ಹಲಗೆಯ ಸದ್ದಿಗೆ ಹೆಜ್ಜೆ ಕುಣಿತ, ರಾತ್ರಿ ಬೆಳತನಕ ರಿವಾಯತ್ ಪದ. ಹಾಡುವವರಲ್ಲಿ ಅರ್ಧಕ್ಕರ್ಧ ಲಿಂಗಾಯತರು, ಕುರುಬರು, ಕಬ್ಬಲಿಗರು. ಪ್ರವಾದಿಯ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕತೆಯನ್ನು ಪೂರ್ತಿ ಕನ್ನಡದಲ್ಲಿ ಹಾಡುತ್ತಾರೆ. ನಮ್ಮ ಆಯಿ, ಅಂದರೆ ಅಜ್ಜಿ, ವರ್ಷಾ ತಪ್ಪದೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದಳು. ನಾನು ಅವಳ ಮಗ್ಗುಲಲ್ಲಿ. ಖಾಸಿಮನ ಪದ ಬಂದಾಗ, ಮದುವೆಯ ಸಂಭ್ರಮದಲ್ಲೇ ರಣಕ್ಕೆ ಹೋಗಿ ಆ ಹುಡುಗ ತಿರುಗಿ ಬರದ ಕತೆ ಬಂದಾಗ, ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಪದ ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಹಾಡುವವರಿಗೆ ಕೂಗಿ ಹೇಳುತ್ತಿದ್ದಳು: "ಅದ ಪದಾ ಇನ್ನೊಮ್ಮಿ ಹಾಡ್ರೋ ಯಪ್ಪಾ."

ನನಗೆ ಅದು ತಿಳಿಯುತ್ತಿರಲಿಲ್ಲ. ಅಳಿಸಿದ ಪದವನ್ನು ಮತ್ತೆ ಯಾಕೆ ಕೇಳಬೇಕು? ಆಯಿಗೆ ಒಬ್ಬ ಮಗ ತೀರಿಕೊಂಡಿದ್ದ, ನಮ್ಮ ಸಣ್ಣ ಕಾಕಾ, ಮದುವೆಯ ವಯಸ್ಸಿನಲ್ಲೇ. ನಾನು ಸ್ವಲ್ಪ ದೊಡ್ಡವನಾದ ಮೇಲೆ ಒಂದು ವರ್ಷ ಧೈರ್ಯ ಮಾಡಿ ಕೇಳಿದೆ. "ಆಯಿ, ಕಾಕಾನ ನೆನಪಾಗತದ ಏನು ನಿನಗ?" ಆಯಿ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಇಲ್ಲಪಾ. ಅವನ ನೆನಪಾದ್ರ ಎದ್ದು ಮನಿಗಿ ಹೋಗತಿದ್ದೆ."

ಈ ಮಾತಿನ ಅರ್ಥ ನನಗೆ ಆದದ್ದು ಬಹಳ ವರ್ಷದ ಮೇಲೆ, ಕಾಶ್ಮೀರದ ಪಂಡಿತ ಅಭಿನವಗುಪ್ತನ ವಿಚಾರ ಓದುವಾಗ. ದುಃಖದ ಹಾಡು ಯಾಕೆ ಸುಖ ಕೊಡುತ್ತದೆ ಅನ್ನುವುದು ಈ ಶಾಸ್ತ್ರದ ಅತಿ ಹಳೆಯ ಒಗಟು. ಪ್ಲೇಟೊಗೆ ಇದರ ಬಗ್ಗೆ ಭಯ ಇತ್ತು. ನಾಟಕದಲ್ಲಿ ಯಾರೋ ಎದೆ ಬಡಿದುಕೊಂಡು ಅತ್ತರೆ ನಮ್ಮಲ್ಲಿ ಒಳ್ಳೆಯವರೂ ಅದಕ್ಕೆ ಮನಸೋಲುತ್ತಾರೆ, ನಮ್ಮ ಬಾಳಿನಲ್ಲಿ ನಾಚಿಕೆಪಡುವುದನ್ನು ಅಲ್ಲಿ ಹೊಗಳುತ್ತೇವೆ, ಇದರಿಂದ ಮನಸ್ಸು ಸಡಿಲಾಗುತ್ತದೆ ಅಂದ. ತನ್ನ ಆದರ್ಶ ನಗರದಿಂದ ಅಂಥ ಕವಿಗಳನ್ನು ಹೊರಗೆ ಹಾಕಿದ. ಅವನ ಶಿಷ್ಯ ಅರಿಸ್ಟಾಟಲ್ ಒಪ್ಪಲಿಲ್ಲ. ದುರಂತ ನಾಟಕ ಕರುಣೆ, ಭಯ ಎರಡನ್ನೂ ಎಬ್ಬಿಸಿ, ಅವುಗಳಿಂದಲೇ ಆ ಭಾವಗಳನ್ನು ತಿಳಿಯಾಗಿಸುತ್ತದೆ ಅಂದ. ಹೇಗೆ ಅಂತ ಬಿಡಿಸಿ ಹೇಳಲಿಲ್ಲ, ಹಾಗಾಗಿ ಇವತ್ತಿಗೂ ಜಗಳ ನಿಂತಿಲ್ಲ. ನಮ್ಮಲ್ಲಿ ನಾಟ್ಯಶಾಸ್ತ್ರದ ಭರತನ ರಸಸೂತ್ರವನ್ನು, ಅಂದರೆ ನೋಡುವವರಿಗೆ ರಸ ಹೇಗೆ ಹುಟ್ಟುತ್ತದೆ ಅನ್ನುವ ಮಾತನ್ನು, ಹಿಡಿದುಕೊಂಡು ಕಾಶ್ಮೀರದವರು ಶತಮಾನಗಟ್ಟಲೆ ವಾದ ಮಾಡಿದರು. ಅವರಲ್ಲಿ ಭಟ್ಟನಾಯಕ ಒಂದು ದೊಡ್ಡ ಮಾತು ಹೇಳಿದ. ರಂಗದ ಮೇಲಿನ ದುಃಖ ನನ್ನದಲ್ಲ, ಎದುರಿಗಿನ ನಟನದಲ್ಲ, ಯಾವ ಒಬ್ಬನದೂ ಅಲ್ಲ. ಅದು ಎಲ್ಲರದೂ ಆಗಿಬಿಡುತ್ತದೆ. ಸುಮಾರು ಕ್ರಿ.ಶ. 1000ದ ಹೊತ್ತಿನ ಅಭಿನವಗುಪ್ತ ಅದನ್ನು ಮುಂದುವರಿಸಿ, ರಸಕ್ಕೆ ಅಡ್ಡ ಬರುವ ಏಳು ವಿಘ್ನ ಹೇಳಿದ. ಕತೆ ನಂಬುವಂತೆ ಇಲ್ಲದಿರುವುದು ಒಂದು, ಮುಖ್ಯವಾದದ್ದು ಯಾವುದು ಅಂತ ತಿಳಿಯದಿರುವುದು ಇನ್ನೊಂದು. ಅವುಗಳಲ್ಲೇ ಒಂದು, ನೋಡುವವನು ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಬಿಡುವುದು.

ಸ್ವಂತ ಮಗನ ನೆನಪಾದರೆ ಎದ್ದು ಹೋಗುತ್ತಿದ್ದೆ. ಆಯಿ ಹೇಳಿದ್ದು ಇದನ್ನೇ ಅಲ್ವಾ? ಅವಳು ಅತ್ತದ್ದು ಖಾಸಿಮನಿಗೂ ಅಲ್ಲ, ಕಾಕಾನಿಗೂ ಅಲ್ಲ. ಇಬ್ಬರನ್ನೂ ಒಳಗೆ ಹಿಡಿದಿಟ್ಟುಕೊಳ್ಳುವಷ್ಟು ದೊಡ್ಡದಾದ ಒಂದು ಸಂಕಟಕ್ಕೆ. ಆ ಸಂಕಟದಲ್ಲಿ ಕೂರಲು ಅವಳಿಗೆ ಆಗುತ್ತಿತ್ತು, ಮನೆಯಲ್ಲಿನ ಸಂಕಟದಲ್ಲಿ ಕೂರಲು ಆಗುತ್ತಿರಲಿಲ್ಲ. ಪ್ಲೇಟೊ ಹೇಳಿದಂತೆ ಅವಳ ಮನಸ್ಸೇನೂ ಸಡಿಲಾಗಲಿಲ್ಲ. ಬೆಳಿಗ್ಗೆ ಎದ್ದು ಎಲ್ಲರಿಗೂ ರೊಟ್ಟಿ ಬಡಿದಳು. ಅವಳಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೆ ತನ್ನ ನೋವು ಯಾವುದು, ಪದದ ನೋವು ಯಾವುದು ಅಂತ ಬೇರೆ ಮಾಡಿ ನೋಡುವ ಒಂದು ಶಿಸ್ತು ಅವಳಿಗೆ ಇತ್ತು. ವರ್ಷವರ್ಷ ಆ ಕಟ್ಟೆಯ ಮೇಲೆ ಕೂತು ಕೂತು ಬಂದ ಶಿಸ್ತು ಅದು. ಸಹೃದಯ ಅಂತ ಶಾಸ್ತ್ರದವರು ಕರೆಯುವುದು ಇಂಥವರನ್ನೇ. ಶಾಸ್ತ್ರದವರ ಕಣ್ಣ ಮುಂದೆ ಇದ್ದದ್ದು ಆಸ್ಥಾನದ, ಕಾವ್ಯ ಓದಿ ಮನಸ್ಸನ್ನು ಕನ್ನಡಿಯ ಹಾಗೆ ತಿಳಿಯಾಗಿಸಿಕೊಂಡ ಪಂಡಿತರು ಇರಬಹುದು. ಅವರ ವಿವರಣೆ ಮಾತ್ರ ಅಲಾಯಿ ಕಟ್ಟೆಗೂ ಸರಿಯಾಗಿ ಹೊಂದುತ್ತದೆ.

ತಾರೀಖು ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರ

ನಮ್ಮ ಮನೆಯ ದೇವರ ಜಗುಲಿಯ ಮೇಲೆ ಒಂದು ಕ್ಯಾಲೆಂಡರ್ ಚಿತ್ರ ಇತ್ತು. ವರ್ಷ ಮುಗಿದ ಮೇಲೆ ಮುತ್ಯಾ, ನಮ್ಮ ಅಜ್ಜ, ತಾರೀಖಿನ ಭಾಗ ಕತ್ತರಿಸಿ, ಪೇಟೆಗೆ ಒಯ್ದು ಗಾಜು, ಕಟ್ಟು ಹಾಕಿಸಿದ್ದ. ಬರೆದವರು ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೂ ಎಷ್ಟೋ ಕ್ಯಾಲೆಂಡರ್ ಬಂದವು, ಹೋದವು. ಅವನ್ನು ಡಬ್ಬಿಯ ತಳಕ್ಕೆ ಹಾಸಿದರು. ಆ ಒಂದನ್ನು ಮಾತ್ರ ಯಾಕೆ ಉಳಿಸಿದ್ದು? ಮುತ್ಯಾನನ್ನು ಕೇಳಿದರೆ, "ಕಣ್ಣು ನೋಡು ಅದರದು" ಅನ್ನುತ್ತಿದ್ದ. ಎಲ್ಲದರಲ್ಲೂ ದೇವರೇ ಇದ್ದ. ಆದರೆ ಒಂದರಲ್ಲಿ ಕಣ್ಣು ಸರಿ ಬಂದಿತ್ತು. ಅದು ಭಕ್ತಿಯ ತೀರ್ಪು, ಜೊತೆಗೆ ಚಿತ್ರದ ಬಗೆಗಿನ ತೀರ್ಪು ಕೂಡ.

ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್, ಪುರಾಣದ ಚಿತ್ರಗಳಿಂದ ಹೆಸರಾದರು. ಅವರ ಹೆಸರಿನ ರಂಗಮಂದಿರಕ್ಕೆ ನಾವೆಲ್ಲ ಹೋಗುತ್ತಿರುತ್ತೇವೆ. ಅವರ ಕೆಲಸ ಮನೆಮನೆಯ ಗೋಡೆಗೆ ಮುಟ್ಟಿತು. ಆ ಕಾರಣಕ್ಕೇ ಕಲಾವಿಮರ್ಶೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕ ಜಾಗ ಸಣ್ಣದು ಅಂತ ನನಗನಿಸುತ್ತದೆ. ಅಚ್ಚಾಗಿ ಲಕ್ಷಗಟ್ಟಲೆ ಹರಡಿದ್ದು ಕಲೆ ಹೇಗಾದೀತು ಅನ್ನುವ ಅನುಮಾನ ಅದರ ಹಿಂದೆ ಇದೆ. ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಂತ್ರದಿಂದ ಪ್ರತಿ ತೆಗೆಯತೊಡಗಿದ ಮೇಲೆ ಮೂಲ ಕೃತಿಗೆ ಇದ್ದ ಒಂದು ಪ್ರಭೆ ಬಾಡುತ್ತದೆ ಅಂದ. ಆ ಪ್ರಭೆ ಪೂಜೆಯ ಕಾಲದಿಂದ ಬಂದದ್ದು, ಪ್ರತಿಗಳು ಅದನ್ನು ಕಳಚುತ್ತವೆ ಅಂದ. ಯುರೋಪಿನ ಮಟ್ಟಿಗೆ ಇದು ಬಹಳ ಚೂಪಾದ ಮಾತು. ನಮ್ಮ ಜಗುಲಿಯಲ್ಲಿ ಆದದ್ದು ತಿರುಗುಮುರುಗು. ಅಚ್ಚಿನ ಪ್ರತಿಗೆ ಕುಂಕುಮ ಬಿತ್ತು, ಊದುಬತ್ತಿಯ ಹೊಗೆ ಹತ್ತಿತು, ಗಾಜಿನ ಒಳಗೆ ಒಂದು ಮೂಲೆ ಕಂದಿತು. ಹತ್ತಾರು ವರ್ಷದಲ್ಲಿ ಅದು ಜಗತ್ತಿನಲ್ಲೇ ಒಂದೇ ಒಂದು ಆಯಿತು.

ಜರ್ಮನಿಯ ತತ್ವಜ್ಞಾನಿ ಹೆಗೆಲ್ ಕೂಡ ಇಲ್ಲಿ ತೊಡರುತ್ತಾನೆ. 1820ರ ದಶಕದಲ್ಲಿ ಬರ್ಲಿನ್‌ನಲ್ಲಿ ಪಾಠ ಹೇಳುವಾಗ, ಕಲೆಯ ಅತಿ ದೊಡ್ಡ ಕೆಲಸ ಮುಗಿದುಹೋಗಿದೆ ಅಂದ. ಗ್ರೀಕ್ ದೇವತೆಯ ಮೂರ್ತಿ ಎಷ್ಟೇ ಚೆಲುವಾಗಿರಲಿ, ಮೇರಿಯ ಚಿತ್ರ ಎಷ್ಟೇ ಪೂರ್ಣವಾಗಿರಲಿ, ನಾವು ಇನ್ನು ಮೊಣಕಾಲು ಊರುವುದಿಲ್ಲ ಅಂದ. ಬೀದರ್ ಹತ್ತಿರದ ಅಷ್ಟೂರಿಗೆ ಅವನನ್ನು ಕರೆದೊಯ್ಯಬೇಕಿತ್ತು ಅಂತ ನನಗೆ ಆಸೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿ ಅಲ್ಲಿದೆ. ಒಳಗೆ ಗುಮ್ಮಟದ ತುಂಬ ಕೆಂಪು, ಚಿನ್ನದ ಬಣ್ಣದ ಹೂಬಳ್ಳಿ, ಅಕ್ಷರಗಳು. ಕಲಾ ಇತಿಹಾಸದವರು ಕತ್ತು ಎತ್ತಿ ಅದನ್ನು ಓದುತ್ತಿರುತ್ತಾರೆ. ಅವರ ಪಕ್ಕದಲ್ಲೇ ಆ ಸುಲ್ತಾನನನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುವವರು ಕಾಯಿ ಒಡೆಸಿ ನಮಸ್ಕಾರ ಹಾಕುತ್ತಾರೆ, ಇನ್ನೊಬ್ಬರು ಫಾತಿಹಾ ಓದುತ್ತಾರೆ. ಮೇಲೆ ನೋಡುವವರೂ ಕೆಳಗೆ ಬಾಗುವವರೂ ಒಂದೇ ಗುಮ್ಮಟದ ಕೆಳಗೆ ಇದ್ದಾರೆ. ಎಷ್ಟೋ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಕಾಂಟ್ ಹೇಳಿದ ಆಸೆಯಿಲ್ಲದ ನೋಟ ಬೇಕು ಅಂದರೆ ಹರಕೆ ಬಿಟ್ಟು ಬರಬೇಕು ಅಂತ ಆ ಜಾಗ ನನಗೆ ಯಾವತ್ತೂ ಹೇಳಿಲ್ಲ.

ಈಗ ಏನು

1964ರಲ್ಲಿ ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ಕಲಾವಿದ ಆಂಡಿ ವಾರ್ಹೋಲ್ ಬ್ರಿಲ್ಲೊ ಅನ್ನುವ ಪಾತ್ರೆ ಉಜ್ಜುವ ಸಾಮಾನಿನ ಪೆಟ್ಟಿಗೆಗಳಂಥವನ್ನು ಮಾಡಿ ಇಟ್ಟ. ಅಂಗಡಿಯ ಪೆಟ್ಟಿಗೆಗೂ ಅದಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಒಂದು ಕಲೆ, ಇನ್ನೊಂದು ಯಾಕಲ್ಲ? ಅಮೆರಿಕದ ತತ್ವಜ್ಞಾನಿ ಆರ್ಥರ್ ಡ್ಯಾಂಟೊ ಅದೇ ವರ್ಷ ಉತ್ತರ ಬರೆದ. ಕಣ್ಣಿಗೆ ಕಾಣುವುದರಲ್ಲಿ ಇದರ ಉತ್ತರ ಇಲ್ಲ. ಕಲೆಯ ಇತಿಹಾಸ, ವಿಚಾರ ಗೊತ್ತಿರುವ ಒಂದು ಲೋಕ ಅದರ ಸುತ್ತ ಇರಬೇಕು, ಆ ಲೋಕ ಅದನ್ನು ಕಲೆಯಾಗಿ ಹಿಡಿಯುತ್ತದೆ ಅಂದ. ಕಲಬುರಗಿ ಜಿಲ್ಲೆಯ ನಮ್ಮ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ಬಹಳ ಕಾಲ ಕಾಳಿಯ ಮೂರ್ತಿಗೆ ಪೀಠವಾಗಿತ್ತು. 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ಅದು ಶಾಸನ ಅಂತ ಗೊತ್ತಾಯಿತು. ಕಲ್ಲು ಅದೇ, ಓದುವವರು ಬಂದರು.

ಡ್ಯಾಂಟೊ ಹೇಳಿದ ಲೋಕ ಗ್ಯಾಲರಿ, ವಿಮರ್ಶಕರು, ಪತ್ರಿಕೆಗಳ ಲೋಕ. ನಾನು ಅದನ್ನು ಇನ್ನಷ್ಟು ಅಗಲ ಮಾಡಲು ಬಯಸುತ್ತೇನೆ. ಚೌಬಾರಾದ ಓಣಿಯೂ ಅಂಥದೊಂದು ಲೋಕ, ಅಲಾಯಿ ಕಟ್ಟೆಯೂ ಅಂಥದೇ. ಅಲ್ಲಿ ಇತಿಹಾಸ ಇದೆ, ಹೋಲಿಸಿ ನೋಡುವುದಿದೆ, ತಪ್ಪು ತೋರಿಸುವ ಬೆರಳಿದೆ. ಅಣ್ಣನ ಮಗನ ಚಿತ್ರದಲ್ಲಿ ನನಗೆ ಕೊರೆದದ್ದು ಏನು ಅಂತ ಈಗ ಸ್ವಲ್ಪ ಸ್ಪಷ್ಟವಾಗಿ ಹೇಳಬಲ್ಲೆ. ಯಂತ್ರ ಮಾಡಿತು ಅನ್ನುವುದಷ್ಟೇ ಅಲ್ಲ. ಆ ಚಿತ್ರವನ್ನು ನೋಡಿದ ಇಪ್ಪತ್ತು ಮೂವತ್ತು ಮಂದಿಯಲ್ಲಿ ಯಾರೂ ಬಳ್ಳಿಯ ಹಿಂದೆ ಹೋಗಲಿಲ್ಲ. ಹೋಗಲು ಹೊತ್ತೂ ಇರಲಿಲ್ಲ, ಅದರ ಹಿಂದೆಯೇ ಇನ್ನೊಂದು ಚಿತ್ರ ಬಂತು. ನಾನು ಅವನಿಗೆ ಆ ಕಡಿದ ಎಳೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಇಂಟರ್ನೆಟ್ಟಿನಿಂದ ನಿಜವಾದ ಬಿದ್ರಿ ಫೋಟೊಗಳನ್ನು ತೆಗೆದು ತಾನೇ ಎಳೆ ಹಿಡಿದು ಹೋಗತೊಡಗಿದ. "ಕಾಕಾ, ಇದರಾಗ ಎಲ್ಲಾ ಎಳಿ ತುದಿ ಮುಟ್ಟ್ಯಾವ" ಅಂದ. ಅವನನ್ನು ಈ ಚಳಿಗಾಲಕ್ಕೆ ಬೀದರ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಕಸಬುದಾರರ ಹೊಟ್ಟೆಪಾಡು ಬರೀ ನೋಟದಿಂದ ನಡೆಯುವುದಿಲ್ಲ, ಬೆಳ್ಳಿಯ ಬೆಲೆ ಏರಿದ ಹಾಗೆ ಅವರ ಕಷ್ಟವೂ ಏರುತ್ತದೆ, ಅದು ನನಗೆ ಗೊತ್ತು. ಆದರೆ ಹೊಟ್ಟೆ ಬಂದ ಗೆರೆಗೂ ಬಿಗಿಯಾದ ಗೆರೆಗೂ ವ್ಯತ್ಯಾಸ ಕಾಣದವನು ಎರಡಕ್ಕೂ ಒಂದೇ ಬೆಲೆ ಕೊಡುತ್ತಾನೆ. ಆಗ ಬಿಗಿಯಾದ ಗೆರೆ ಕೊರೆಯುವವರು ಯಾಕೆ ಅಷ್ಟು ದಣಿಯಬೇಕು?

ಹೋದ ವರ್ಷ ಅಲಾಯಿಗೆ ಊರಿಗೆ ಹೋಗಿದ್ದೆ. ಆಯಿ ಈಗ ಇಲ್ಲ. ಹುಡುಗರ ಒಂದು ಮೇಳ ಹೊಸ ಪದ ಕಟ್ಟಿಕೊಂಡು ಬಂದಿತ್ತು. ಧಾಟಿ ಯಾವುದೋ ಸಿನಿಮಾದ್ದು, ಮಾತು ತುಂಬ ಜೋರು, ಮೈಕು ಇನ್ನೂ ಜೋರು. ಎರಡನೇ ನುಡಿಗೆ ಕಟ್ಟೆಯ ಮೇಲಿನ ಹೆಂಗಸರು ತಮ್ಮತಮ್ಮಲ್ಲೇ ಮಾತಿಗೆ ಶುರುಮಾಡಿದರು. ಮೂರನೇ ನುಡಿಗೆ ಹಲಗೆಯವನು ಕೈ ಸಡಿಲ ಬಿಟ್ಟ. ಒಬ್ಬ ಹಿರಿಯರು ಹುಡುಗರನ್ನು ಕರೆದು, "ರಣಕ್ಕ ಹೋಗೋ ಹುಡುಗ ಇಷ್ಟು ಮಾತಾಡತಾನೇನೋ?" ಅಂತ ಕೇಳಿದರು. ಮರುದಿನ ರಾತ್ರಿ ಆ ಹುಡುಗರು ಅದೇ ಪದವನ್ನು ಮೈಕಿಲ್ಲದೆ, ಹಳೆ ಧಾಟಿಗೆ ಕೂರಿಸಿ, ಅರ್ಧ ನುಡಿ ತೆಗೆದುಹಾಕಿ ಹಾಡಿದರು. ಕಟ್ಟೆಯ ಮೇಲಿನಿಂದ ಯಾರೋ ಇನ್ನೊಮ್ಮೆ ಹಾಡಲು ಹೇಳಿದರು. ಹುಡುಗರು ಹಾಡಿದರು. ಆ ಎರಡನೇ ಸಲದಲ್ಲಿ ಇನ್ನೊಂದು ನುಡಿಯನ್ನೂ ಬಿಟ್ಟರು.